ಲಲಿತಮ್ಮ ಕೆಳಗಿಡದ ಉಲ್ಲನ್ ಉಂಡೆ

ಗೆಳೆಯರೇ, ಮಕ್ಕಳ ಮತ್ತು ಅಶಕ್ತರ ರಕ್ಷಣೆಯ ತರಬೇತಿಯಲ್ಲಿ ಇವತ್ತು ನಮ್ಮನ್ನೆಲ್ಲ ವೃತ್ತವಾಗಿ ನಿಲ್ಲಿಸಿ ಒಂದು ಉಲ್ಲನ್ ಉಂಡೆ ಕೊಟ್ಟರು. ಒಬ್ಬರು ಪ್ರಕರಣ ಹೇಳಬೇಕು, ದಾರ ಬಿಡದೆ, ಅದು ಯಾರ ಕೆಲಸವೋ ಅವರತ್ತ ಉಂಡೆ ಎಸೆಯಬೇಕು. ಪೊಲೀಸ್, ಆರೋಗ್ಯ, ಪಂಚಾಯಿತಿ, ಅಂಗನವಾಡಿಯವರ ಜೊತೆ ಮೇಷ್ಟ್ರಾಗಿ ನಾನೂ ಇದ್ದೆ.

ಅಂಗನವಾಡಿಯ ಲಲಿತಮ್ಮ ದಾರದ ತುದಿ ಹಿಡಿದರು. "ಚೆಟ್ಟಳ್ಳಿ ಕಡೆ ಒಂದು ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್‌ಮನೇಲಿ ಕಣ್ಣು ಕಾಣದ ಅಜ್ಜಿ ಇದ್ದಾರೆ. ಮಗ, ಸೊಸೆ ಕಾಫಿ ಹಣ್ಣು ಪಿಕ್ಕಿಂಗ್‌ಗೆ ಹೋಗುವಾಗ ಹೊರಗಿಂದ ಬೀಗ ಹಾಕ್ತಾರೆ. ಒಳಗೆ ಒಲೆಯಲ್ಲಿ ಕೆಂಡ ಇರುತ್ತೆ."

ಉಂಡೆ ಪೊಲೀಸರಿಗೆ ಹೋಯಿತು. "ದೂರು ಬಂದಿಲ್ವಲ್ಲಮ್ಮ," ಎಂದು ಅವರು ಆರೋಗ್ಯದವರಿಗೆ ಎಸೆದರು. "ಕಾಯಿಲೆ ಅಲ್ವಲ್ಲ," ಎಂದು ಅವರು ಪಂಚಾಯಿತಿಗೆ. "ಎಸ್ಟೇಟಿನ ಒಳಗಿನ ವಿಷಯ," ಎಂದು ಪಂಚಾಯಿತಿಯವರು ನನಗೆ. ಅಜ್ಜಿ ಶಾಲೆಯ ಮಗುವಲ್ಲ ಎಂದುಕೊಂಡು ನಾನು ಲಲಿತಮ್ಮನಿಗೇ ಎಸೆದೆ.

"ನೋಡಿ, ಎಷ್ಟು ಚೆಂದದ ಜಾಲ!" ತರಬೇತುದಾರರು ಚಪ್ಪಾಳೆ ತಟ್ಟಿದರು.

ಲಲಿತಮ್ಮ ಉಂಡೆ ಕೆಳಗಿಡಲಿಲ್ಲ. "ಸರ್, ಈಗಲೂ ಆ ಬೀಗ ಹಾಕೇ ಇದೆ. ಎಲ್ಲಾ ಇಲಾಖೆನೂ ಇಲ್ಲೇ ಇದೆ, ಹೊರಗೆ ಜೀಪೂ ಇದೆ. ಹೊರಡಿ."

"ಊಟ ಆಗ್ಲಿ ಮೇಡಂ, ಆಮೇಲೆ ನೋಡೋಣ," ಎಂದರು ತರಬೇತುದಾರರು.

"ಅಜ್ಜಿದು ಊಟ ಆಯ್ತಾ?"

ಲಲಿತಮ್ಮ ಬಾಗಿಲ ಕಡೆ ನಡೆದರು. ಉಂಡೆ ಎಸೆದಿದ್ದ ನಾವು ನಾಲ್ವರೂ ಅವರ ಹಿಂದೆ ಹೋಗಿ ಜೀಪು ಹತ್ತಿದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಇನ್ನೊಂದು ಬೀಗದ ಕೈ ಇತ್ತು; ಬಾಗಿಲು ತೆಗೆಸಿದೆವು. ನಾಳೆಯಿಂದ ಹಗಲು ಹೊತ್ತು ಅಜ್ಜಿ ಅಂಗನವಾಡಿಯಲ್ಲೇ ಇರುತ್ತಾರೆ ಎಂದು ತೋಟದಿಂದ ಕರೆಸಿದ ಸೊಸೆಯ ಎದುರೇ ತೀರ್ಮಾನವಾಯಿತು.

ಸಂಜೆ ವಾಪಸ್ ಬಂದು ಹಾಜರಿ ಪುಸ್ತಕ ನೋಡಿದೆ. ನಮ್ಮ ಐವರ ಹೆಸರಿನ ಮುಂದೆ 'ತರಬೇತಿ ಪೂರ್ಣಗೊಳಿಸಿಲ್ಲ' ಎಂದು ಬರೆದಿತ್ತು.