ಎಂಟು ಗಂಟೆಯ ಮಾತ್ರೆ

ಮೊನ್ನೆ ಮಾನಂದವಾಡಿಯ ಡಯಾಲಿಸಿಸ್ ಕೋಣೆಯಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದೆ. ನಾಲ್ಕು ಗಂಟೆ ಆ ಕೈ ಅಲುಗಿಸುವಂತಿಲ್ಲ. ಹೊಸದಾಗಿ ಬಂದ ಡಾಕ್ಟರ್ ಹುಡುಗಿ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಅಮ್ಮಾ, ನಿಮಗೆ ಕಿಡ್ನಿ ಕಸಿ ಮಾಡಿದ್ದು ಇವರೇ ಅಲ್ವಾ?" ಎಂದಳು. ಉದ್ದನೆಯ ಪಟ್ಟಿ. ಮೂತ್ರಕೋಶದ ಕಲ್ಲು, ಪ್ರಾಸ್ಟೇಟ್ ಕ್ಯಾನ್ಸರ್, ಕಿಡ್ನಿ ಕಸಿ... ಎಲ್ಲವೂ ನನ್ನ ಆ ಡಾಕ್ಟರು ಬರೆದ ಲೇಖನಗಳು. ಕೊನೆಯದು ಎರಡು ವರ್ಷ ಹಿಂದಿನದು. ಆ ವರ್ಷವೇ ಅವರು ಹೃದಯಾಘಾತದಿಂದ ತೀರಿಕೊಂಡರು.

ಚುರ ಇಳಿದರೆ, ಅಂದರೆ ನಮ್ಮ ಘಟ್ಟ ಇಳಿದರೆ, ಕಡಲ ಬದಿಯ ಊರಲ್ಲಿತ್ತು ಅವರ ಆಸ್ಪತ್ರೆ. ಮಲಯಾಳಿ. ಮೈಸೂರಿನಲ್ಲಿ ಓದಿದವರಾದ್ದರಿಂದ ನನ್ನೊಡನೆ ಕನ್ನಡವೇ. ತಲೆ ನರೆತಿದ್ದರೂ ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

ಕಿಡ್ನಿ ಕೊಟ್ಟದ್ದು ನನ್ನ ಅಮ್ಮ. ನಾವು ಜೈನರು, ಅಮ್ಮ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುವವಳಲ್ಲ. ಆಪರೇಷನ್ನಿಗೆ ಮುಂಚೆ ಬಸದಿಯಲ್ಲಿ ನಿಂತು, ಮಗಳು ಉಳಿದರೆ ಅವಳೂ ಬದುಕಿರುವಷ್ಟು ದಿನ ಹಾಗೇ ನಡೆಯುತ್ತಾಳೆ ಎಂದು ನನ್ನ ಪರವಾಗಿಯೂ ವ್ರತ ಹಿಡಿದುಬಿಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟವಳ ಮಾತನ್ನು ಗುಟುಕು ನೀರಿಗಾಗಿ ಮೀರುವುದು ಹೇಗೆ ಹೇಳಿ!

ಡಾಕ್ಟರು ಹೇಳಿದ್ದೇ ಬೇರೆ. ಹೊಸ ಕಿಡ್ನಿಯನ್ನು ದೇಹ ಹೊರದಬ್ಬದಂತೆ ಕಾಯುವ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ನಡುವೆ ಹನ್ನೆರಡು ಗಂಟೆ ಇರಲೇಬೇಕು. ರಾತ್ರಿ ಎಂಟರ ವಿಷಯ ಅಮ್ಮನಿಗೆ ನಾನು ಹೇಳಲೇ ಇಲ್ಲ. ಸಂಜೆ ಆರಾಗುವ ಮೊದಲೇ ಅವಳು ಲೋಟ ಹಿಡಿದು, ಇಲ್ಲಿಯ ಮಲಯಾಳಿಗಳಂತೆ ಮೋಳೇ, ಅಂದರೆ ಮಗಳೇ, ಎನ್ನುತ್ತಾ ಬರುತ್ತಿದ್ದಳು. "ಹೊತ್ತು ಮುಳುಗ್ತದೆ ಮೋಳೇ, ಬೇಗ ನುಂಗು." ನುಂಗುತ್ತಿದ್ದೆ. ಮರುದಿನ ಬೆಳಿಗ್ಗೆ ಎಂಟರವರೆಗೆ ಹದಿನಾಲ್ಕು ಗಂಟೆ.

"ರಾತ್ರಿ ಎಂಟಕ್ಕೇ ತಗೊಳ್ತೀರಲ್ಲ, ಚೇಚಿ?" ತಿಂಗಳಿಗೊಮ್ಮೆ ಡಾಕ್ಟರು ಕೇಳುತ್ತಿದ್ದರು.

"ಹೂಂ, ಗಡಿಯಾರ ನೋಡ್ಕೊಂಡೇ."

ಆಹಾ, ಎಂಥ ಸತ್ಯವಂತೆ ನಾನು! ನಿಜ ಹೇಳಿದರೆ ಅವರು ಅಮ್ಮನನ್ನು ಕರೆಸಿ ಗದರಿಯಾರು. ಅಮ್ಮನಿಗೆ ಹೇಳಿದರೆ ತಾನು ಹಿಡಿದ ವ್ರತವನ್ನು ಅವಳೇ ಮುರಿಯಬೇಕು. ಯಾವ ಕಡೆಗೂ ದಾರಿಯಿರಲಿಲ್ಲ. ಬೆಳಗಿನ ರಕ್ತದಲ್ಲಿ ಔಷಧ ಕಡಿಮೆ ಕಂಡು ಅವರು ಡೋಸು ಏರಿಸಿದರು. ನನ್ನ ಕೈ ನಡುಗತೊಡಗಿತು, ಸಾರು ಬಡಿಸಿದರೆ ಅರ್ಧ ನೆಲಕ್ಕೆ. ಇನ್ನೂ ಏರಿಸಲು ಅವರಿಗೆ ಭಯ. ಆ ಮಾತ್ರೆ ಹೆಚ್ಚಾದರೆ ಕ್ಯಾನ್ಸರ್ ಬರಬಹುದೆಂಬುದರ ಬಗ್ಗೆಯೇ ಅವರ ಅಧ್ಯಯನ. ಹೀಗೇ ಎರಡು ವರ್ಷ...

ಒಂದು ದಿನ ಅಚ್ಚಿಗೆ ಹೋಗಲಿದ್ದ ಲೇಖನದ ಹಾಳೆ ತೋರಿಸಿದರು. ಹೆಸರುಗಳಿಲ್ಲ, ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. "ಇದು ನೀವು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡ್ರೂ ಔಷಧ ಸಾಲ್ತಿಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ," ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಯ್ಯೋ, ನನ್ನ ಸುಳ್ಳು ಇಂಗ್ಲಿಷಿನಲ್ಲಿ ಅಚ್ಚಾಗಿ ದೇಶದೇಶದ ಡಾಕ್ಟರುಗಳು ಓದುತ್ತಾರಲ್ಲ! ಅಳು ಬಂದುಬಿಟ್ಟಿತು. ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. "ಅಮ್ಮ ಬೆಳಿಗ್ಗೆ ಎಷ್ಟು ಹೊತ್ತಿಗೆ ನೀರು ಕುಡೀತಾರೆ?" ಎಂದರು.

"ಹೊತ್ತು ಹುಟ್ಟಿದ ಮೇಲೆ."

"ಹಾಗಾದ್ರೆ ನೀವೂ ಹೊತ್ತು ಹುಟ್ಟಿದ ಕೂಡ್ಲೇ ಒಂದು, ಮುಳುಗೋ ಮುಂಚೆ ಒಂದು. ಅರ್ಧ ಗಂಟೆ ಆಚೀಚೆ ಆದ್ರೆ ಪರವಾಗಿಲ್ಲ."

ಅಷ್ಟೇ! ಎರಡು ವರ್ಷ ನಾನು ಒದ್ದಾಡಿದ್ದು ಇಷ್ಟಕ್ಕೆ. ಅವರು ಹಾಳೆಯ ಮೇಲೆ ನನ್ನ ಸಾಲನ್ನು ಹೊಡೆದುಹಾಕಿದರು. "ಎಂಟು ಅಂತ ನಾನೇ ಹೇಳಿಬಿಟ್ಟೆ, ನಿಮ್ಮ ಮನೆ ಹೊತ್ತು ಕೇಳ್ಲಿಲ್ಲ," ಎಂದರು. ಆಮೇಲೆ ಅದನ್ನೇ ಇನ್ನೊಂದು ಲೇಖನವಾಗಿ ಬರೆದರಂತೆ: ರೋಗಿಯ ಊಟದ ಹೊತ್ತು ಕೇಳಿದ ಮೇಲೆಯೇ ಮಾತ್ರೆಯ ಹೊತ್ತು ಬರೆಯಿರಿ ಎಂದು.

ಅಷ್ಟರಲ್ಲಿ ಔಷಧ ಸಾಲದೆ ಕಿಡ್ನಿಯ ಒಳಗೆ ಗಾಯದ ಕಲೆಗಳು ಬಿದ್ದಾಗಿತ್ತು. ಕಾರಣ ಅಮ್ಮನಿಗೆ ಹೇಳಬೇಡಿ ಎಂದು ಕೈಮುಗಿದೆ. ಅವರು ಕೊನೆಯವರೆಗೂ ಹೇಳಲಿಲ್ಲ. ಕಿಡ್ನಿ ಇನ್ನೂ ಕೆಲವು ವರ್ಷ ನಡೆಯಿತು. ಕಳೆದ ಮಳೆಗಾಲದಲ್ಲಿ ನಿಂತಿತು.

ಈಗ ವಾರಕ್ಕೆ ಮೂರು ದಿನ ಅಮ್ಮ ನನ್ನ ಜೊತೆ ಬಸ್ಸಿನಲ್ಲಿ ಬಂದು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಮನೆಗೆ ಹೋಗುವಾಗ ಪ್ರತಿ ಸಲವೂ ಅದೇ ಮಾತು: "ನಾನು ಕೊಟ್ಟದ್ದೇ ಕೆಟ್ಟದ್ದಿತ್ತೋ ಏನೋ ಮೋಳೇ."

"ಇಲ್ಲಮ್ಮ, ಒಳ್ಳೇದೇ ಕೊಟ್ಟಿದ್ದಿ."

"ಮತ್ತೆ ಯಾಕೆ ಹೋಯ್ತು?"

ಡಾಕ್ಟರು ಇದ್ದಿದ್ದರೆ ಅವಳಿಗೆ ಸಮಾಧಾನವಾಗುವಂಥದ್ದು ಏನಾದರೂ ಹೇಳುತ್ತಿದ್ದರು, ಅವಳು ನಂಬುತ್ತಿದ್ದಳು... ಕಾರಣ ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ.

"ಗೊತ್ತಿಲ್ಲಮ್ಮ," ಎನ್ನುತ್ತೇನೆ.