ಶಾಜಿಯೆ ತಿಂದದ್ದು ಯಾವ ಗಿಡ?

ಉಸ್ಕುದಾರ್ ಬಡಾವಣೆಯ ಆ ಇಳಿಜಾರು ಓಣಿಯಲ್ಲಿ ಬೆಕ್ಕಿಗೆ ಯಜಮಾನರೆಂದು ಯಾರೂ ಇಲ್ಲ. ಓಣಿಗೆ ಓಣಿಯೇ ಸಾಕುತ್ತದೆ. ಅಲ್ಲಿನ ಒಂದು ಬಿಳಿ ಬೆಕ್ಕನ್ನು ಮಾಂಸದಂಗಡಿಯ ರೆಮ್ಜಿ ‘ಹೆಡ್‌ಮೇಡಂ’ ಎನ್ನುತ್ತಿದ್ದ. ಪರದೆ ಹೊಲಿದು ಬದುಕುವ ಮುನೆವ್ವೆರ್‌ಗೆ ಮಾತ್ರ ಅದು ಶಾಜಿಯೆ. ಓಣಿಗೆಲ್ಲ ತೇಯ್ಜೆ, ಎಂದರೆ ಚಿಕ್ಕಮ್ಮ, ಆಗಿದ್ದ ಅವಳ ಅಂಗಳದ ತುಂಬಾ ಎಣ್ಣೆ ಡಬ್ಬಗಳಲ್ಲಿ ಬೆಳೆದ ಗಿಡಗಳು.

ಶಾಜಿಯೆ ಊಟ ಬಿಟ್ಟು ವಾಂತಿ ಮಾಡತೊಡಗಿದಾಗ, ಗಿಡ ತಿಂದಿರಬೇಕು ಎಂದಿತು ಓಣಿ. ಯಾವ ಗಿಡ? ಅಲ್ಲೇ ಬಂತು ನೋಡಿ ಗೊಂದಲ. ಕಣಗಿಲೆ ವಿಷ ಎಂದ ರೆಮ್ಜಿ. ಮೇಲಿನ ಮನೆಯ ಪೆರಿಹಾನ್ ಲೋಳೆಸರವನ್ನು ದೂರಿದಳು. ಮತ್ತೊಬ್ಬರು ಗಿಡವೂ ಇಲ್ಲ ಗಂಟೂ ಇಲ್ಲ, ಮೊಸರು ಕುಡಿಸಿ ಎಂದರು. ಸುಟ್ಟ ಬೆರಳಿಗೆ ಮದ್ದಾದ ಲೋಳೆಸರ ಬೆಕ್ಕಿಗೆ ವಿಷವಾಗುವುದು ಹೇಗೆ? ಹುಲ್ಲು ತಿಂದು ಕಕ್ಕುವುದು ಬೆಕ್ಕಿನ ಚಾಳಿಯೇ ಅಲ್ಲವೇ? ಮುನೆವ್ವೆರ್‌ಗೆ ತಲೆಬುಡ ತಿಳಿಯಲಿಲ್ಲ. ಅಳುತ್ತಲೇ ಕಣಗಿಲೆಯನ್ನು ಬುಡಸಮೇತ ಕಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಾಜಿಯೆ ಮಾತ್ರ ಏಳಲಿಲ್ಲ.

ಕೊನೆಗೆ ಬೆಕ್ಕನ್ನು ಶಾಲಿನಲ್ಲಿ ಸುತ್ತಿ, ಗಿಡಕ್ಕೊಂದು ಎಲೆ ಕಿತ್ತು ಚೀಲಕ್ಕೆ ತುಂಬಿ, ಪಶುವೈದ್ಯೆ ನೆಸ್ಲಿಶಾಳ ಬಳಿಗೆ ಓಡಿದಳು. ವೈದ್ಯೆ ಎಲೆಗಳನ್ನೆಲ್ಲ ಹರಡಿ ನೋಡಿ ಬದಿಗಿಟ್ಟಳು. ಆಮೇಲೆ ಬೆಕ್ಕಿನ ಬೆನ್ನ ಮೇಲಿದ್ದ ಕೇಸರಿ ಪುಡಿಯನ್ನು ಬೆರಳಿಗೆ ಒರೆಸಿಕೊಂಡಳು.

“ತೇಯ್ಜೆ, ಮನೇಲಿ ಲಿಲ್ಲಿ ಇದ್ಯಾ?”

ಇತ್ತು. ಚೀಲಕ್ಕೆ ಬಾರದ ಗಿಡ ಅದೊಂದೇ. ಅಷ್ಟು ಬೆಳ್ಳನೆಯ, ಅಷ್ಟು ಘಮಘಮಿಸುವ ಹೂವಿನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

“ಅವಳು ಅದನ್ನ ಮುಟ್ಟೂ ಇಲ್ಲ ಕಣಮ್ಮ.”

“ತಿನ್ಲೇಬೇಕು ಅಂತಿಲ್ಲ. ಹೂವಿನ ಪುಡಿ ಮೈಮೇಲೆ ಬಿದ್ದು, ಅದನ್ನ ನೆಕ್ಕಿದ್ರೂ ಸಾಕು, ಕಿಡ್ನಿ ಹೋಗತ್ತೆ. ಅದರ ಕೆಳಗ್ಯಾಕೆ ಹೋದ್ಲು ಇವಳು?”

ಬಾಯಾರಿದ ಜೀವಕ್ಕೆ ನೀರಿಟ್ಟರೆ ಪುಣ್ಯ ಎಂದು ಬಟ್ಟಲಿಟ್ಟವಳು ಮುನೆವ್ವೆರ್. ಬಿಸಿಲಿಗೆ ನೀರು ಕಾಯದಿರಲೆಂದು ಅದನ್ನು ಲಿಲ್ಲಿಯ ಬುಡಕ್ಕೆ ಸರಿಸಿದವಳೂ ಅವಳೇ. ಅದನ್ನು ತಡವರಿಸುತ್ತಾ ಹೇಳಿದಳು. ವೈದ್ಯೆ ಬಯ್ಯಲಿಲ್ಲ. ಡ್ರಿಪ್ ಹಾಕುತ್ತಾ, ಬೆಕ್ಕು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಳು. ಆಮೇಲೆ ಕೈ ನಿಲ್ಲಿಸಿ ತಲೆಯೆತ್ತಿದಳು.

“ಆ ಬಟ್ಟಲಲ್ಲಿ ಬೇರೆ ಬೆಕ್ಕುಗಳೂ ಕುಡೀತಾವಾ?”

“ಓಣಿಯವೆಲ್ಲಾ ಅಲ್ಲೇ ಕುಡಿಯೋದು,” ಎನ್ನುತ್ತಲೇ ಮುನೆವ್ವೆರ್ ಬಾಗಿಲು ದಾಟಿದ್ದಳು.