ಮಸಾಜಿನವಳಿಗೆ ಪಾಪಣ್ಣನ ಕಾವಲು

ತಮಿಳುನಾಡಿನ ಮೆಟ್ಟೂರಿನ ಕೆಮಿಕಲ್ ಕಾರ್ಖಾನೆಯೊಂದರ ಗೇಟಿನಲ್ಲಿ ಆಯುಸ್ಸಿನ ಬಹುಪಾಲು ನಿಂತು ಕಳೆದ ಪಾಪಣ್ಣನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಎರಡೇ ಜಾತಿ. ಸಿಕ್ಕಿಬಿದ್ದ ಕಳ್ಳರು, ಇನ್ನೂ ಸಿಕ್ಕಿಬೀಳದ ಕಳ್ಳರು. ಊಟದ ಡಬ್ಬಿಯ ತಳದಲ್ಲಿ ಹಿತ್ತಾಳೆ ವಾಲ್ವ್ ಇಟ್ಟು, ಮೇಲೆ ಮೊಸರನ್ನ ಹರಡಿಕೊಂಡು ಹೊರಟಿದ್ದ ಫಿಟ್ಟರೊಬ್ಬನನ್ನು ಅವನು ಒಮ್ಮೆ ಹಿಡಿದಿದ್ದ. ಆ ಕಥೆ ಕೇಳದವರು ಅವನ ಬೀದಿಯಲ್ಲಿ ಯಾರೂ ಇಲ್ಲ. ಕೇಳಿ ಕೇಳಿ ಸಾಕಾದವರು ಬೇಕಾದಷ್ಟು ಮಂದಿ. ರಿಟೈರ್ ಆದ ಮೇಲೆ ಗೇಟು ತಪ್ಪಿತು, ಕಾವಲು ತಪ್ಪಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ತೂಗಿ ತೋರಿಸದೆ ಹೊಸಿಲು ದಾಟುವ ಹಾಗಿಲ್ಲ. ಮೀಟರ್ ನೋಡಲು ಬಂದವನ ಹಿಂದೆಯೇ ಇವನೂ ನಿಂತು ಮೀಟರ್ ನೋಡುತ್ತಿದ್ದ.

ಹೋದ ವರ್ಷ ಹೆಂಡತಿ ಮುನಿಲಕ್ಷ್ಮಿಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು. ಕಾಲೂ ಮೆಲ್ಲಗೆ ಹಿಡಿತಕ್ಕೆ ಬಂತು. ಎಡಗೈ ಮಾತ್ರ ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಪಾಪಣ್ಣ ಅವಳ ಮುಂದೆ ಕೂತು ಮಾತು ಕೊಟ್ಟಿದ್ದ.

“ಈ ಕೈನ ನಾನೇ ಎಬ್ಬುಸ್ತೀನಿ ನೋಡ್ತಿರು ಲಚ್ಮಿ. ನಿನ್ ಜಡೆ ನೀನೇ ಆಕ್ಕೋಬೇಕು, ಅಂಗ್ ಮಾಡ್ತೀನಿ. ಇನ್ನೊಬ್ರ ಕೈ ನಿನ್ ಮ್ಯಾಲೆ ಬೀಳಾಕೆ ಬುಡಾಕಿಲ್ಲ.”

ಅವನ ತಾಯಿ ಹಳ್ಳಿಯಲ್ಲಿ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದರಲ್ಲಿ ಹೆಸರಾದವಳು. ಚಾಚಿದ ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಪುಟ್ಟ ಕೈಯನ್ನು ತಲೆಯ ಮೇಲಕ್ಕೆ ಎಳೆದು, ಎದೆಗೆ ಅಡ್ಡ ಮಡಿಸಿ, ಮತ್ತೆ ಎಳೆದು, “ಎಳೆದಷ್ಟೂ ಗಟ್ಟಿ” ಎನ್ನುತ್ತಿದ್ದಳು. ಪಾಪಣ್ಣ ಅದನ್ನೇ ಹಿಡಿದುಕೊಂಡ. ದಿನವೂ ಬೆಳಗ್ಗೆ ಎಳ್ಳೆಣ್ಣೆ ಬಿಸಿಮಾಡಿ, ಹೆಂಡತಿಯ ತೋಳಿಗೆ ಉಜ್ಜಿ, ಮಣಿಕಟ್ಟು ಹಿಡಿದು ಶಕ್ತಿಯೆಲ್ಲ ಹಾಕಿ ಮೇಲಕ್ಕೆ ಎಳೆಯುತ್ತಿದ್ದ. ಮುನಿಲಕ್ಷ್ಮಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. “ಎಂಗೈತೆ?” ಎಂದು ಕೇಳಿದರೆ “ಆಯಾಗೈತೆ” ಎನ್ನುವಳು. ಇಷ್ಟು ಮಾಡಿದರೂ ಆ ಕೈಯ ಗತಿ ಹಿಂದಕ್ಕೇ ಹೋಗುತ್ತಿತ್ತು. ಮೊದಮೊದಲು ಎದೆಯ ಮಟ್ಟಕ್ಕೆ ಬರುತ್ತಿದ್ದದ್ದು ಈಗ ಸೊಂಟ ಬಿಟ್ಟು ಮೇಲೇಳುತ್ತಿರಲಿಲ್ಲ. ಹೀಗೇ ಬಿಟ್ಟರೆ ಭುಜ ಹಾಗೇ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಯಾರು ಬಂದರೂ ಏನೂ ಮಾಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಕೇಳಿದ ಮೇಲೆ ಪಾಪಣ್ಣ ಇನ್ನಷ್ಟು ಜೋರಾಗಿ ಎಳೆಯತೊಡಗಿದ.

ಓಮಲೂರಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಮಗಳು ಸುಗುಣಾ ಒಂದು ಭಾನುವಾರ ಬಂದವಳು ತಾಯಿಯ ಕೈ ನೋಡಿದಳು. ಸಂಜೆಯ ಹೊತ್ತಿಗೆ ಮೊಬೈಲ್ ಹಿಡಿದುಕೊಂಡು ಕೂತಳು.

“ಅಪ್ಪಾ, ಸೇಲಂನೋರು ಮನೆಗೇ ಬಂದು ಮಸಾಜ್ ಮಾಡ್ತಾರೆ. ಲಕ್ವ ಒಡ್ದೋರ್ಗೆ ಅಂತಾನೇ ಕಲ್ತಿರೋರು. ಬುಕ್ ಮಾಡ್ತಾ ಇದೀನಿ.”

“ದುಡ್ ಕೊಟ್ಟು ಮೈ ಮುಟ್ಟುಸ್ಕೊಳ್ಳೋದಾ? ಅದೂ ಗೊತ್ತಿಲ್ದೋರತ್ರ?”

“ಡಾಕ್ಟರ್ ಯಾರು, ನಿನ್ ಸೊಂದಕಾರರಾ, ನೆಂಟ್ರಾ?”

ಮಗಳಿಗೆ ತಮಿಳು ನಾಲಿಗೆಯ ತುದಿಯಲ್ಲಿ. ಅಪ್ಪನ ಬಾಯಿ ಮುಚ್ಚಿಸಬೇಕಾದಾಗ ಅದು ತಾನಾಗಿಯೇ ಬರುತ್ತಿತ್ತು. ಬುಕಿಂಗ್ ಎನ್ನುವುದು ಪಾಪಣ್ಣನಿಗೆ ಪೊಲೀಸ್ ವಿಚಾರಣೆಯ ಹಾಗೆ ಕಂಡಿತು. ವಯಸ್ಸೆಷ್ಟು, ಬಿಪಿ ಇದೆಯಾ, ಸಕ್ಕರೆ ಇದೆಯಾ, ಮನೆಯಲ್ಲಿ ಯಾರ್ಯಾರು ಇರುತ್ತಾರೆ ಎಂದು ಆ ಕಡೆಯವರು ಫೋನಿನಲ್ಲಿ ಕೇಳಿದರು. ಕಡೆಗೆ ಮಗಳು ಮನೆಯ ಲೊಕೇಶನ್ ಕೂಡ ಕಳಿಸಿದಳು.

“ಮನೇಲಿ ಯಾರವ್ರೆ, ಮನೆ ಎಲ್ಲೈತೆ. ಕದಿಯೋನ್ಗೆ ಇನ್ನೇನ್ ಬೇಕು? ಬೀಗದ ಕೈನೂ ಕಳ್ಸಿಬುಡು!” ಎಂದು ಪಾಪಣ್ಣ ಕೂಗಾಡಿದ. ಮಗಳು ಜಗ್ಗಲಿಲ್ಲ. ಬರುವವಳ ಫೋಟೊ ಬಂತು. ಹೆಸರು ತಮಿಳ್‌ಸೆಲ್ವಿ. ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಇಷ್ಟು ನಗುವವರನ್ನು ಗೇಟಿನಲ್ಲಿ ಮೊದಲು ತಡೆಯಬೇಕು ಎಂದುಕೊಂಡ ಪಾಪಣ್ಣ.

ಮಸಾಜಿನವಳು ಬರುವ ದಿನ ಸುಗುಣಾಗೆ ರಜೆ ಸಿಗಲಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಅಪ್ಪನಿಗೆ ತಯಾರಿಯನ್ನೆಲ್ಲ ಒಪ್ಪಿಸಿದಳು. ಬರುವ ಮೊದಲು ಅಮ್ಮನಿಗೆ ಹೊಟ್ಟೆ ಬಿರಿಯ ಉಣ್ಣಿಸಬೇಡ. ಸಡಿಲ ನೈಟಿ ಹಾಕಿಸು. ಗಾಳಿ ಹೊಡೆಯದ ಕೋಣೆ ಇರಲಿ, ಹಳೆಯ ಬೆಡ್‌ಶೀಟ್ ಹಾಸು, ಬಿಸಿನೀರು ಕಾಯಿಸಿಡು. ಮೈಮೇಲಿನ ಒಡವೆ ತೆಗೆಸಿಡು.

ಕೊನೆಯ ಮಾತಿಗೆ ಪಾಪಣ್ಣನ ಕಿವಿ ನೆಟ್ಟಗಾಯಿತು. ಪಕ್ಕದ ಮನೆಯ ಚಿನ್ನರಾಜ್‌ನನ್ನು ಬೇಲಿಯ ಹತ್ತಿರ ಕರೆದು ಅವನ ಕಿವಿಗೂ ಅದನ್ನು ಹಾಕಿದ. ಚಿನ್ನರಾಜ್ ಊರ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ನೋಡಿ ಉಪ್ಪು ಖಾರ ಹಚ್ಚಿ ಹೇಳುವ ಮನುಷ್ಯ.

“ಒಡವೆ ತೆಗೀರಿ ಅಂದ್ರಾ? ಅಣ್ಣಾ, ಮುಗೀತು. ಎಣ್ಣೇಲಿ ಏನೋ ಬೆರೆಸ್ತಾರಂತೆ. ವಾಸ್ನೆ ಮೂಗಿಗೆ ಓದ್ರೆ ಸಾಕು, ನಾವೇ ಬೀರು ತೆಗ್ದು ಕೊಟ್ಬುಡ್ತೀವಂತೆ. ಒಂದ್ ವೀಡಿಯೋ ಬಂದಿತ್ತು.”

“ಅದ್ಕೇ ಒಟ್ಟೆ ಕಾಲಿ ಇರ್ಬೇಕು ಅಂದವ್ರೆ,” ಎಂದ ಪಾಪಣ್ಣ. ಒಂದಕ್ಕೊಂದು ಕೂಡಿಸಿ ನೋಡಿದರೆ ಎಲ್ಲವೂ ಸರಿಹೊಂದುತ್ತಿತ್ತು. ಹಸಿದ ಹೊಟ್ಟೆ, ಮುಚ್ಚಿದ ಕೋಣೆ, ಬಿಚ್ಚಿಟ್ಟ ಒಡವೆ. ಇದಕ್ಕಿಂತ ಸಾಕ್ಷಿ ಬೇಕೇ?

ಬೆಳಗ್ಗೆ ಎದ್ದವನೇ ಹೆಂಡತಿಯ ಓಲೆ, ಬಳೆ ಎಲ್ಲವನ್ನೂ ಬಿಚ್ಚಿಸಿ, ಗಂಟು ಕಟ್ಟಿ, ರಾಗಿ ಡಬ್ಬದ ಆಳಕ್ಕೆ ತುರುಕಿದ. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತಾಳಿಗೆ ಮಾತ್ರ ಮುನಿಲಕ್ಷ್ಮಿ ಕೈಯಡ್ಡ ಹಿಡಿದಳು. “ಇದು ತೆಗ್ಯಾಕಿಲ್ಲ. ಕದ್ರೆ ಕದೀಲಿ, ಕತ್ತಿನ್ ಜತೆಗೇ ಕದೀಲಿ,” ಎಂದು ನಕ್ಕಳು. ಪಾಪಣ್ಣನಿಗೆ ನಗು ಬರಲಿಲ್ಲ. ಖಾಲಿ ಹೊಟ್ಟೆ ಎಂದು ಹೇಳಿದ್ದವರಿಗೆ ಬುದ್ಧಿ ಕಲಿಸಲೆಂದೇ ಅವಳಿಗೆ ಒತ್ತಾಯ ಮಾಡಿ ಇಡ್ಲಿ ತಿನ್ನಿಸಿದ.

ತಮಿಳ್‌ಸೆಲ್ವಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಳು. ಫೋಟೊದಲ್ಲಿದ್ದ ನಗು ಇರಲಿಲ್ಲ, ಬೆವರಿತ್ತು. ಪಾಪಣ್ಣ ಬಾಗಿಲಿಗೆ ಅಡ್ಡ ನಿಂತು ಬ್ಯಾಗ್ ತೋರಿಸು ಎಂದ. ಅವಳು ಮುಖ ಸಿಂಡರಿಸದೆ ತೋರಿಸಿದಳು. ಟವೆಲ್ಲುಗಳು, ಎಣ್ಣೆಯ ಬಾಟಲಿ, ಒಂದು ಸಣ್ಣ ದಿಂಬು, ಊಟದ ಡಬ್ಬಿ. ಊಟದ ಡಬ್ಬಿಯನ್ನೂ ಬಿಚ್ಚಿಸಿದ. ಒಳಗೆ ಮೊಸರನ್ನವೇ ಇತ್ತು! ಪಾಪಣ್ಣ ಅವಳ ಮುಖವನ್ನೊಮ್ಮೆ ಡಬ್ಬಿಯನ್ನೊಮ್ಮೆ ನೋಡಿದ. ಚಮಚೆ ತಂದು ತಳದವರೆಗೂ ಕೆದಕಿ ನೋಡುವ ಮನಸ್ಸಾಯಿತು. ಒಳಗಿನಿಂದ ಮುನಿಲಕ್ಷ್ಮಿ ಕೆಮ್ಮಿದ್ದರಿಂದ ಬಿಟ್ಟ. ಎಣ್ಣೆಯ ಬಾಟಲಿಯನ್ನು ಮಾತ್ರ ಬಿಡಲಿಲ್ಲ. ಉಸಿರು ಬಿಗಿಹಿಡಿದು ಮುಚ್ಚಳ ತೆಗೆದು, ಮೊದಲು ತನ್ನ ಮುಂಗೈಗೆ ಹಚ್ಚಿಕೊಂಡು, ಬೀರು ತೆಗೆದುಕೊಡುವ ಆಸೆ ಬರುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ.

ಈ ಕಡೆಯ ಕನ್ನಡದವರಿಗೆ ಒಂದು ಅಭ್ಯಾಸ. ಬೀದಿಗೆ, ಬಸ್ಸಿಗೆ, ಕೆಲಸಕ್ಕೆ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಹೊರಗಿನವರು ಎದುರಿಗೆ ಕೂತಿದ್ದರೂ ಅವರ ಬಗ್ಗೆಯೇ ಧಾರಾಳವಾಗಿ ಆಡಿಕೊಳ್ಳಲು ಅದೊಂದು ಮರೆ. ಪಾಪಣ್ಣ ಮುನಿಲಕ್ಷ್ಮಿಯರು ಮದುವೆಯಾದ ಲಾಗಾಯ್ತಿನಿಂದ ತಮ್ಮಿಬ್ಬರ ನಡುವೆ ಒಂದು ಮಾತನ್ನೂ ತಮಿಳಿನಲ್ಲಿ ಆಡಿದವರಲ್ಲ. ಪಾಪಣ್ಣ ಆ ಧೈರ್ಯದ ಮೇಲೆ, ತಮಿಳ್‌ಸೆಲ್ವಿ ಬೆಡ್‌ಶೀಟ್ ಸರಿಮಾಡುತ್ತಿರುವಾಗಲೇ ಶುರುಮಾಡಿದ.

“ನೋಡ್ದಾ ಲಚ್ಮಿ, ಬಂದಾಗಿಂದ ಅವಳ ಕಣ್ಣು ಬೀರು ಮ್ಯಾಲೇ ಐತೆ. ಎಣ್ಣೆ ಬಾಟ್ಲಿ ಮೂಗಿನತ್ರ ತಂದ್ರೆ ಮಕ ತಿರುಗ್ಸಿಬುಡು. ಏನಾರ ಆದ್ರೆ ಕೂಗು, ನಾನು ಇಲ್ಲೇ ಇರ್ತೀನಿ.”

“ಸುಮ್ಕಿರಿ, ಪಾಪ. ಬಿಸ್ಲಲ್ಲಿ ಬಂದದೆ ಉಡುಗಿ.”

ಬೀರು ಎನ್ನುವುದಕ್ಕೆ ತಮಿಳಿನಲ್ಲೂ ಬೀರೋ ಎಂದೇ ಹೇಳುತ್ತಾರೆ ಎನ್ನುವುದು ಆ ಗಡಿಬಿಡಿಯಲ್ಲಿ ಅವನಿಗೆ ಮರೆತೇ ಹೋಗಿತ್ತು. ತಮಿಳ್‌ಸೆಲ್ವಿ ತಲೆಯೆತ್ತದೆ ತಮಿಳಿನಲ್ಲೇ ಹೇಳಿದಳು, “ಅಯ್ಯಾ, ಬೀರು ಇರುವ ಕೋಣೆ ಬೇಡವೆಂದರೆ ಹಾಲ್‌ನಲ್ಲೇ ಮಾಡುತ್ತೇನೆ. ಆದರೆ ಬಾಗಿಲು ಹಾಕಿಕೊಳ್ಳಬೇಕು. ಅಮ್ಮನಿಗೆ ಮುಜುಗರ ಆಗಬಾರದು. ನೀವು ಹೊರಗಿರಿ.”

ಪಾಪಣ್ಣನ ಮುಖ ಕೆಂಪಾಯಿತು. ಬೆಡ್‌ಶೀಟನ್ನು ಹಾಲ್‌ನಲ್ಲಿ ಹಾಸಿಕೊಟ್ಟು, ಸೋತು ಹಿಂದಕ್ಕೆ ಸರಿದ ಹಾಗೆ ತೋರಿಸಿ, ಮನೆಯನ್ನು ಸುತ್ತಿ ಹಿತ್ತಲಿಗೆ ಬಂದು, ಹಾಲ್‌ನ ಮುಚ್ಚಿದ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಯಾರಾದರೂ ನೋಡಿದರೆ ಇರಲಿ ಎಂದು ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದಕುತ್ತಾ, ಮೈಯೆಲ್ಲ ಕಿವಿಯಾಗಿ ಕಾದ.

ಒಳಗೆ ಮೊದಲು ನೀರಿನ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಅವನಿಗೆ ತಡೆಯಲಾಗಲಿಲ್ಲ. ವಾಸನೆ ಹಿಡಿಸಿಬಿಟ್ಟಳೇ? ಲಚ್ಮಿ ಮಂಕಾಗಿ ಬಿದ್ದಿದ್ದಾಳೆಯೇ? ಅಷ್ಟರಲ್ಲಿ ಹೆಂಡತಿ “ಅಮ್ಮಾ!” ಎಂದು ಚೀರಿದಳು. ಒಂದೇ ಸಲ, ಸಣ್ಣ ದನಿಯಲ್ಲಿ, ಬಾಯಿ ಮುಚ್ಚಿಕೊಂಡವರ ಹಾಗೆ. ಪಾಪಣ್ಣ ದಡಕ್ಕನೆ ಎದ್ದ. ಸಿಕ್ಕಿಬಿದ್ದಳು ಕಳ್ಳಿ! ಕಿಟಕಿಯನ್ನು ಬಡಿಯಲು ಕೈಯೆತ್ತಿದ. ಆಗ ತಮಿಳ್‌ಸೆಲ್ವಿಯ ದನಿ ಕೇಳಿತು.

“ನಾನಿನ್ನೂ ಸರಿಯಾಗಿ ಮುಟ್ಟೇ ಇಲ್ಲಮ್ಮ. ಬೆರಳಿಟ್ಟೆ ಅಷ್ಟೇ. ಇಷ್ಟೊಂದು ನೋಯುತ್ತದೆಯಾ?”

“ರೊಂಬ,” ಎಂದಳು ಮುನಿಲಕ್ಷ್ಮಿ ತಮಿಳಿನಲ್ಲಿ. “ರೊಂಬ ವಲಿಕ್ಕುದು ಮಾ.”

ತುಂಬಾ ನೋವು, ತುಂಬಾ. ಪಾಪಣ್ಣನ ಎತ್ತಿದ ಕೈ ಹಾಗೇ ನಿಂತಿತು.

“ಭುಜದ ಕೀಲು ಜಾರಿದ ಹಾಗಿದೆ. ಲಕ್ವ ಹೊಡೆದ ಕೈಯಲ್ಲಿ ಹಿಡಿತ ಇರುವುದಿಲ್ಲ. ಅದನ್ನು ಹಿಡಿದು ಯಾರಾದರೂ ಮೇಲಕ್ಕೆ ಎಳೆಯುತ್ತಿದ್ದರಾ?”

ಮುನಿಲಕ್ಷ್ಮಿ ಅಳುತ್ತಾ ಹೇಳತೊಡಗಿದಳು. ಯಜಮಾನರೇ ದಿನಾ ಬೆಳಗ್ಗೆ ಎಳೆಯುತ್ತಾರೆ. ಪ್ರಾಣ ಹೋದ ಹಾಗಾಗುತ್ತದೆ. ಎಣ್ಣೆ ಬಿಸಿಮಾಡುವ ಸದ್ದು ಅಡುಗೆಮನೆಯಿಂದ ಬಂದರೆ ಸಾಕು, ಮೈ ನಡುಗುತ್ತದೆ. ಆದರೂ ಹೇಗೆ ಹೇಳಲಿ ಮಗಳೇ? ಹಡೆದ ತಾಯಿಯೂ ಇಷ್ಟು ಮಾಡುತ್ತಿರಲಿಲ್ಲ. ನನ್ನ ಮಲ ಮೂತ್ರ ಎತ್ತಿದ್ದಾರೆ, ಒಂದು ದಿನ ಮುಖ ಗಂಟಿಕ್ಕಿಲ್ಲ. ನೋಯುತ್ತದೆ ಎಂದು ಹೇಳಿದರೆ ಅವರ ಜೀವ ಒಡೆದುಹೋಗುತ್ತದೆ. ಕೈ ಹೋದರೆ ಹೋಗಲಿ.

“ಅವರುಕಿಟ್ಟ ಸೊಲ್ಲಿಡಾದೆ ಮಾ,” ಎಂದು ಕೊನೆಗೆ ಬೇಡಿಕೊಂಡಳು. ಅವರಿಗೆ ಹೇಳಿಬಿಡಬೇಡಮ್ಮ.

ಪಾಪಣ್ಣ ಕರಿಬೇವಿನ ಬುಡದಲ್ಲೇ ಕುಸಿದು ಕೂತ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಗೇಟಿನಲ್ಲಿ ಹೊಸ ಹುಡುಗರಿಗೆ ಗಾದೆ ಹೇಳಿಕೊಡುತ್ತಿದ್ದವನು ಅವನೇ. ಊರಿನವರ ಡಬ್ಬಿ, ಬ್ಯಾಗು, ಜೇಬು ಎಲ್ಲವನ್ನೂ ತಡಕಿದವನು ತನ್ನ ಕೈಯನ್ನು ಮಾತ್ರ ಒಂದು ದಿನವೂ ತಡಕಿ ನೋಡಿರಲಿಲ್ಲ. ಮುಚ್ಚಿದ ಅವಳ ಕಣ್ಣು, “ಆಯಾಗೈತೆ” ಎನ್ನುವಾಗ ಒಣಗಿರುತ್ತಿದ್ದ ಆ ದನಿ ಎಲ್ಲವೂ ಈಗ ಒಟ್ಟಿಗೆ ನೆನಪಿಗೆ ಬಂತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಲ್ಲೇ ಕೂತು ಬಾಯಿಗೆ ಹೆಗಲ ಟವೆಲ್ ಒತ್ತಿಕೊಂಡು ಅತ್ತ.

ಬಾಗಿಲು ತೆರೆದ ಸದ್ದಾದಾಗ ಮುಖ ತೊಳೆದುಕೊಂಡು ಮುಂದುಗಡೆಗೆ ಬಂದ. ತಮಿಳ್‌ಸೆಲ್ವಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಈಗ ಹೇಳುತ್ತಾಳೆ, ಉಗಿಯುತ್ತಾಳೆ ಎಂದು ಪಾಪಣ್ಣ ತಲೆ ತಗ್ಗಿಸಿದ.

“ನೀವು ನೋಡಿಕೊಂಡಿದ್ದಕ್ಕೇ ಅಮ್ಮ ಇಷ್ಟು ಚೆನ್ನಾಗಿದ್ದಾರೆ ಅಯ್ಯಾ. ಬೆನ್ನಲ್ಲಿ ಒಂದು ಹುಣ್ಣೂ ಇಲ್ಲ,” ಎಂದಳು ಅವಳು. “ಆ ಎಡತೋಳು ಮಾತ್ರ ಸ್ವಲ್ಪ ದಿನ ನನಗೆ ಬಿಟ್ಟುಬಿಡಿ. ಡಾಕ್ಟರಿಗೂ ಒಂದು ಸಲ ತೋರಿಸಿಬಿಡಿ. ನೀವು ಕಾಲಿಗೆ ಎಣ್ಣೆ ಹಚ್ಚಿ, ಸಾಕು.”

ಹೇಳಬೇಡ ಎಂದು ಹೆಂಡತಿ ಬೇಡಿಕೊಂಡದ್ದನ್ನು ಅವಳು ನಡೆಸಿಕೊಟ್ಟಿದ್ದಳು. ಪಾಪಣ್ಣನಿಗೆ ಅವಳ ಬ್ಯಾಗಿನ ಕಡೆ ನೋಡಲೂ ನಾಚಿಕೆಯಾಯಿತು. “ಸಾಪಾಡು ಆಚಾ? ಒಳಗೆ ಕೂತು ಉಣ್ಣಮ್ಮ,” ಎಂದು ತಮಿಳು ಕನ್ನಡ ಬೆರೆಸಿ ತೊದಲಿದ. ಅವಳು ಡಬ್ಬಿ ಹಿಡಿದು ಜಗುಲಿಯ ನೆರಳಿಗೆ ಹೋದಳು.

ಮುನಿಲಕ್ಷ್ಮಿ ಸಣ್ಣ ದಿಂಬಿನ ಮೇಲೆ ತೋಳಿಟ್ಟುಕೊಂಡು ಒರಗಿದ್ದಳು. ಕಣ್ಣು ಒರೆಸಿಕೊಂಡು ನಗುಮುಖ ಮಾಡಿದ್ದಳು. ಪಾಪಣ್ಣ ಹೋಗಿ ಅವಳ ಕಾಲ ಬುಡದಲ್ಲಿ ಕೂತ.

“ಲಚ್ಮಿ, ದಿಟ ಏಳು. ನಾನು ಎಳೀವಾಗ ನೋವಾಯ್ತಿತ್ತಾ?”

“ಅಯ್ಯೋ, ಎಂಥ ನೋವು ಬುಡಿ! ನೀವು ಅಚ್ಚುದ್ರೆ ಆಯಾಗಿರ್ತದೆ. ನಾಳೆಗೆ ಎಣ್ಣೆ ಐತಾ ನೋಡಿ, ಮುಗ್ದಿರ್ಬೇಕು.”

ಕನ್ನಡದಲ್ಲಿ ಕೇಳಿದರೆ ಅವಳು ಹೆಂಡತಿಯಾಗಿಯೇ ಉತ್ತರ ಕೊಡುತ್ತಾಳೆ ಎಂದು ಪಾಪಣ್ಣನಿಗೆ ಆಗ ಹೊಳೆಯಿತು. ಆ ತೋಳನ್ನು ಮುಟ್ಟಲು ಕೈ ಚಾಚಿ, ಧೈರ್ಯ ಸಾಲದೆ ಹಿಂದಕ್ಕೆ ಎಳೆದುಕೊಂಡ. ಪರಸ್ಥಳದವಳನ್ನು ಮಾತಾಡಿಸುವ ಹಾಗೆ, ಮೆಲ್ಲಗೆ ಕೇಳಿದ.

“ವಲಿಕ್ಕುದಾ ಮಾ?”

ಮುನಿಲಕ್ಷ್ಮಿ ಬೆಚ್ಚಿ ಗಂಡನ ಮುಖ ನೋಡಿದಳು. ಅವನ ಕಣ್ಣು ಕೆಂಪಾಗಿತ್ತು, ಮೊಣಕಾಲಿನ ಮೇಲೆ ಹಿತ್ತಲ ಮಣ್ಣಿತ್ತು.

“ರೊಂಬ,” ಎಂದಳು. “ರೊಂಬ ವಲಿಕ್ಕುದು.”